ಪುಟ್ಟಿಗೆ, ಮೊದಲ ಸಂಬಳ ಬಂದ ಹೊತ್ತಿಗೆ

ಪುಟ್ಟೀ,

ನಾವೆಲ್ಲ ಚೆನ್ನಾಗಿದ್ದೇವೆ. ಫೋನಿನಲ್ಲಿ ನೀನು ಸಂಬಳ ಬಂತು ಅಂದಾಗ ನಿನ್ನ ದೊಡ್ಡಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಆಮೇಲೆ ನೀನು ಕೇಳಿದೆ, "ದೊಡ್ಡಪ್ಪ, ದುಡ್ಡು ಎಲ್ಲಿಡಲಿ, ರೂಮಿನವರೆಲ್ಲ ಯಾವ್ಯಾವುದೋ ಆ್ಯಪ್ ಹೇಳ್ತಿದಾರೆ" ಅಂತ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನಿರೋ ಬರ್ಮಿಂಗ್‌ಹ್ಯಾಮ್‌ನಲ್ಲೇ ಇದಕ್ಕೆ ಉತ್ತರ ಇದೆ. ಬ್ರಾಡ್ ಸ್ಟ್ರೀಟಿನಲ್ಲಿ, ಸೆಂಟಿನರಿ ಸ್ಕ್ವೇರ್ ಹತ್ತಿರ, ದೊಡ್ಡ ಕಂಬಗಳ ಬಿಳಿ ಕಲ್ಲಿನ ಕಟ್ಟಡ ಒಂದಿದೆ. ಈಗ ಅದು ನೀನು ಓದಿದ ಯೂನಿವರ್ಸಿಟಿಯದೇ, 'ದಿ ಎಕ್ಸ್‌ಚೇಂಜ್' ಅಂತಾರೆ. 1933ರಲ್ಲಿ ಅದನ್ನು ಕಟ್ಟಿದ್ದು ಬರ್ಮಿಂಗ್‌ಹ್ಯಾಮ್ ಮುನಿಸಿಪಲ್ ಬ್ಯಾಂಕಿಗೆ. ಸರ್ಕಾರದ್ದೂ ಅಲ್ಲ, ಸಾಹುಕಾರರದ್ದೂ ಅಲ್ಲ, ಊರಿನ ನಗರಸಭೆಯದೇ ಬ್ಯಾಂಕು! ನಲವತ್ತು ವರ್ಷ ಮನೆಮನೆಗೆ ಹೋಗಿ ಪಿಗ್ಮಿ ಕಟ್ಟಿಸಿಕೊಂಡು ಬಂದ ನನಗೆ ಇದನ್ನು ಓದಿದಾಗ ಎಷ್ಟು ಸಂತೋಷ ಆಯ್ತು ಅಂತ ನಿನಗೆ ಹೇಳಬೇಕಿಲ್ಲ ಅಲ್ವಾ.

ಶುರು ಮಾಡಿದವರು ನೆವಿಲ್ ಚೇಂಬರ್ಲೇನ್. ಮುಂದೆ ಬ್ರಿಟನ್ನಿನ ಪ್ರಧಾನಿಯಾಗಿ ಹಿಟ್ಲರ್ ಜೊತೆ ಮ್ಯೂನಿಕ್ ಒಪ್ಪಂದ ಮಾಡಿಕೊಂಡರಲ್ಲ, ಅವರೇ. ಅವರ ತಂದೆ ಜೋಸೆಫ್ ಈ ಊರಿನ ಮೇಯರ್ ಆಗಿದ್ದಾಗ ಗ್ಯಾಸು, ನೀರು ಎರಡನ್ನೂ ನಗರಸಭೆಯ ಕೈಗೆ ತಂದಿದ್ದರು. ಮಗನನ್ನು ಎಳೆ ವಯಸ್ಸಿನಲ್ಲಿ ಬಹಾಮಾಸ್ ದ್ವೀಪಕ್ಕೆ ಕತ್ತಾಳೆ ಬೆಳೆಯಲು ಕಳಿಸಿದರು. ಆರೇಳು ವರ್ಷ ಬಿಸಿಲಲ್ಲಿ ದುಡಿದರೂ ನಾರು ಬರಲಿಲ್ಲ, ಮನೆಯ ದುಡ್ಡು ಸುಮಾರು 50,000 ಪೌಂಡ್ ಮುಳುಗಿತು. ಬ್ಯಾಂಕಿಗೂ ಇದಕ್ಕೂ ನೇರ ಸಂಬಂಧ ಇಲ್ಲದೆ ಇರಬಹುದು, ಆದರೂ ದುಡ್ಡು ಹೋದಾಗ ಹೊಟ್ಟೆಯಲ್ಲಿ ಏನಾಗುತ್ತೆ ಅಂತ ತಿಳಿದವರು ಅವರು ಅಂತ ನನಗೆ ಅನ್ನಿಸುತ್ತೆ.

1915ರಲ್ಲಿ ಅವರು ಲಾರ್ಡ್ ಮೇಯರ್ ಆದರು. ಯುದ್ಧದ ಕಾಲ. ಕಾರ್ಖಾನೆಗಳಲ್ಲಿ ಕೂಲಿ ಚೆನ್ನಾಗಿ ಸಿಗುತ್ತಿತ್ತು, ಉಳಿಯುತ್ತಿರಲಿಲ್ಲ. ಸಂಬಳ ಕೈಗೆ ಬರುವ ಮೊದಲೇ ಒಂದಿಷ್ಟು ಮುರಿದು ಊರಿನ ಬ್ಯಾಂಕಿನಲ್ಲಿ ಇಟ್ಟರೆ ಹೇಗೆ ಅಂತ ಯೋಚಿಸಿದರು. ದೊಡ್ಡ ಬ್ಯಾಂಕಿನವರು ಒಪ್ಪಲಿಲ್ಲ, ಸರ್ಕಾರದ ಖಜಾನೆಯವರೂ ಒಪ್ಪಲಿಲ್ಲ. ಕಾರ್ಮಿಕರ ಸಂಘಗಳಿಗೂ ಅನುಮಾನ, ನಾವು ಉಳಿಸುವುದು ಮಾಲೀಕನಿಗೆ ಗೊತ್ತಾದರೆ ಇವರಿಗೆ ಕೂಲಿ ಜಾಸ್ತಿಯಾಯ್ತು ಅಂತ ಕಡಿಮೆ ಮಾಡಿಬಿಟ್ಟರೆ? ಆ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತೆ. ನನ್ನ ಹತ್ತಿರ ಪಿಗ್ಮಿ ಕಟ್ಟುತ್ತಿದ್ದ ಒಬ್ಬ ಹೂವಿನ ಹೆಂಗಸು ಪಾಸ್‌ಬುಕ್ಕನ್ನು ಅಕ್ಕಿ ಡಬ್ಬಿಯ ಅಡಿಯಲ್ಲಿ ಬಚ್ಚಿಡುತ್ತಿದ್ದಳು. ಗಂಡ ಮನೆಯಲ್ಲಿದ್ದರೆ ಬಾಗಿಲಲ್ಲೇ ಕಣ್ಸನ್ನೆ, ನಾನು ಸುಮ್ನೆ ಮುಂದಿನ ಮನೆಗೆ ಹೋಗುತ್ತಿದ್ದೆ.

ಕೊನೆಗೆ 1916ರ ಸೆಪ್ಟೆಂಬರಿನಲ್ಲಿ ಬ್ಯಾಂಕು ತೆರೆಯಿತು, ಅದೂ ಕೈಕಾಲು ಕಟ್ಟಿಸಿಕೊಂಡು. ಮಾಲೀಕರ ಮೂಲಕವೇ ದುಡ್ಡು ಬರಬೇಕು, ಯುದ್ಧ ಮುಗಿದ ಮೇಲೆ ಬಾಗಿಲು ಹಾಕಬೇಕು. ಆದರೆ ಜನಕ್ಕೆ ರುಚಿ ಹತ್ತಿತ್ತು. 1919ರಲ್ಲಿ ಹೊಸ ಕಾಯ್ದೆ ಬಂತು, ಸೆಪ್ಟೆಂಬರ್ 1ಕ್ಕೆ ಮುನಿಸಿಪಲ್ ಬ್ಯಾಂಕಾಗಿ ಮತ್ತೆ ತೆರೆಯಿತು. ಈ ಸಲ ಮಾಲೀಕನ ಹಂಗಿಲ್ಲ, ಯಾರು ಬೇಕಾದರೂ ನೇರವಾಗಿ ಬಂದು ಕಟ್ಟಬಹುದು.

ಮನೆಗೆ ಒಂದು ಪುಟ್ಟ ಕಬ್ಬಿಣದ ಡಬ್ಬಿ ಕೊಡುತ್ತಿದ್ದರಂತೆ. ಚಿಲ್ಲರೆ ಹಾಕಲು ಸೀಳು ಇರುತ್ತೆ, ಬೀಗ ಇರುತ್ತೆ, ಕೀಲಿ ಮಾತ್ರ ಬ್ಯಾಂಕಿನಲ್ಲಿ! ತೆಗೆಯಬೇಕೆಂದರೆ ಡಬ್ಬಿ ಹೊತ್ತುಕೊಂಡು ಶಾಖೆಗೆ ಹೋಗಬೇಕು. ಆ ದಾರಿಯಲ್ಲಿ ಎಷ್ಟು ಜನ ಮನಸ್ಸು ಬದಲಾಯಿಸಿರಬಹುದು ನೋಡು. ಠೇವಣಿಗೆ ನಗರಸಭೆಯೇ ಹೊಣೆ. ಮನೆ ಕೊಳ್ಳಲು ಸಾಲ ಕೊಡುತ್ತಿದ್ದರು, ಅದೂ ಅಲ್ಲಿ ದುಡ್ಡಿಟ್ಟವರಿಗೇ. ಪಕ್ಕದ ಬೀದಿಯವನು ಇಟ್ಟ ದುಡ್ಡು ಈ ಬೀದಿಯವನ ಮನೆಯಾಗುತ್ತಿತ್ತು. 1976ರಲ್ಲಿ ಈ ಬ್ಯಾಂಕು ಟ್ರಸ್ಟೀ ಸೇವಿಂಗ್ಸ್ ಬ್ಯಾಂಕು ಅನ್ನೋ ಉಳಿತಾಯ ಬ್ಯಾಂಕುಗಳ ಜೊತೆ ಸೇರಿಹೋಯಿತು, ಈಗ ಹೆಸರೂ ಇಲ್ಲ. ಅದು ನನಗೆ ಬೇಸರದ ವಿಷಯ.

ಈಗ ನಿನ್ನ ವಿಷಯ. ಸಂಬಳ ಬಿದ್ದ ದಿನವೇ, ಬಾಡಿಗೆ ಕಟ್ಟುವ ಮೊದಲೇ, ಒಂದು ಪಾಲು ಬೇರೆ ಖಾತೆಗೆ ತಾನಾಗಿ ಹೋಗೋ ಹಾಗೆ ಮಾಡು. ಹತ್ತು ಪೌಂಡಾದರೂ ಸರಿ. ಆ ಖಾತೆ ಫೋನಿನಲ್ಲಿ ಬೆರಳು ತಾಗಿದರೆ ಖಾಲಿಯಾಗುವಂಥದ್ದು ಆಗಬಾರದು. ಎಷ್ಟಿದೆ ಅಂತ ರೂಮಿನವರಿಗೆ ಹೇಳಬೇಡ, ನನಗೂ ಹೇಳಬೇಡ. ಠೇವಣಿಗೆ ವಿಮೆ ಇದೆಯಾ, ದುಡ್ಡು ಎಲ್ಲಿಗೆ ಹೋಗುತ್ತೆ, ಕೇಳಿದ ದಿನ ವಾಪಸು ಬರುತ್ತಾ, ಇಷ್ಟು ಕೇಳು. ಗೊತ್ತಿಲ್ಲ ಅಂದವರ ಹತ್ತಿರ ಇಡಬೇಡ ಮಗಳೇ. ನಿನ್ನ ಅಪ್ಪ, ನಾನು ಇಬ್ಬರೂ ಹೆಚ್ಚು ಬಡ್ಡಿ ಅಂತ ಊರಲ್ಲಿ ಒಬ್ಬರ ಹತ್ತಿರ ಚೀಟಿ ಹಾಕಿದ್ದೆವು. ಒಂದು ಬೆಳಿಗ್ಗೆ ಹೋದರೆ ಬಾಗಿಲಿಗೆ ಬೀಗ. ಅದು ನಿನ್ನ ಅತ್ತೆಯ ಮದುವೆಗೆ ಅಂತ ಇಟ್ಟ ದುಡ್ಡು.

ಭಾನುವಾರ ಬಿಡುವಿದ್ದರೆ ಬ್ರಾಡ್ ಸ್ಟ್ರೀಟಿಗೆ ಹೋಗಿ ಬಾ. ಕಂಬದ ಪಕ್ಕ ನಿಂತು ಒಂದು ಫೋಟೋ ತೆಗೆಸಿ ಕಳಿಸು. ದೊಡ್ಡಮ್ಮ ಚಟ್ನಿಪುಡಿ ಕಳಿಸಲಾ ಅಂತ ಕೇಳುತ್ತಿದ್ದಾಳೆ.

ನಿನ್ನ ದೊಡ್ಡಪ್ಪ