ಹೆಸರು ಬೇಡವೆಂದ ನಾಗಸಾಕಿಯ ಹಿರಿಯರಿಗೆ

ಜಪಾನಿನ ಗುಪ್ತ ಕ್ರೈಸ್ತರ ಬಗ್ಗೆ ನಮ್ಮ ಅಧ್ಯಯನ ಕೂಟ ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರಿಸಿ, ಹೆಸರು ಮಾತ್ರ ಎಲ್ಲೂ ಹಾಕಬೇಡಿ ಎಂದಿರಿ. ನಿಮಗೆ ಮನಸಾರೆ ಧನ್ಯವಾದ.

1614ರಲ್ಲಿ ಜಪಾನಿನ ಆಡಳಿತ ಕ್ರೈಸ್ತ ಧರ್ಮವನ್ನು ನಿಷೇಧಿಸಿದ ನಂತರ ಪಾದ್ರಿಗಳೇ ಇಲ್ಲದೆ ಇನ್ನೂರು ವರ್ಷಕ್ಕೂ ಮಿಗಿಲಾಗಿ ಆ ನಂಬಿಕೆ ಉಳಿದದ್ದು ಬರೀ ಧೈರ್ಯದಿಂದಲ್ಲ, ಕೆಲಸ ಹಂಚಿಕೊಂಡಿದ್ದರಿಂದ ಎಂದು ಬಿಡಿಸಿ ಹೇಳಿದಿರಿ. ನಾಗಸಾಕಿ ಬಳಿಯ ಉರಾಕಾಮಿ ಹಳ್ಳಿಯಲ್ಲಿ ಚೋಕಾತ ಎಂಬ ಮುಖಂಡರು ಹಬ್ಬ, ಉಪವಾಸದ ದಿನಗಳ ಲೆಕ್ಕ ಇಡುತ್ತಿದ್ದರು. ಕಿಕಿಯಾಕು ಎಂಬವರು ಅದನ್ನು ಮನೆಮನೆಗೆ ಮುಟ್ಟಿಸುತ್ತಿದ್ದರು. ಮಿಝುಕಾತ ಎಂಬವರು ಕೂಸುಗಳಿಗೆ ಜ್ಞಾನಸ್ನಾನ (ಬ್ಯಾಪ್ಟಿಸಮ್) ಕೊಡುತ್ತಿದ್ದರು.

ತೊಡಕಾಗುತ್ತಿದ್ದದ್ದು ಮಾತಿನಲ್ಲಿ. ಬರೆದಿಟ್ಟರೆ ಸಿಕ್ಕಿಬೀಳುವ ಭಯ; ಬಾಯಿಪಾಠ ಮಾಡಿದರೆ ಲ್ಯಾಟಿನ್, ಪೋರ್ಚುಗೀಸ್ ಪದಗಳು ತಲೆಮಾರಿಗೊಮ್ಮೆ ಸವೆಯುತ್ತಿದ್ದವು. ಕೆಲವೆಡೆ ಜ್ಞಾನಸ್ನಾನದ ಮಾತುಗಳೇ ಕೆಟ್ಟುಹೋಗಿದ್ದವು. 1865ರಲ್ಲಿ ನಾಗಸಾಕಿಯ ಓಉರಾ ಚರ್ಚಿಗೆ ಬಂದು ಇವರು ತಮ್ಮ ಗುರುತು ಹೇಳಿಕೊಂಡ ಮೇಲೆ ಫ್ರೆಂಚ್ ಪಾದ್ರಿಗಳು ಆ ಮಾತುಗಳನ್ನು ಹೇಳಿಸಿ ಪರೀಕ್ಷಿಸಿದ್ದು ಇದಕ್ಕೇ.

ನಮಗೆ ಹೆಚ್ಚು ತಟ್ಟಿದ್ದು ಫುಮಿಎ ವಿಚಾರ. ಕ್ರಿಸ್ತನ ಅಥವಾ ಮರಿಯಮ್ಮನವರ ಚಿತ್ರವಿದ್ದ ಫುಮಿಎ ಫಲಕವನ್ನು, ತಾವು ಕ್ರೈಸ್ತರಲ್ಲವೆಂದು ತೋರಿಸಲು, ಅಧಿಕಾರಿಗಳೆದುರು ತುಳಿದು ಮನೆಗೆ ಮರಳಿದವರು ಕೊಂಚಿರಿಸಾನ್ ಎಂಬ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಪಾಪನಿವೇದನೆ ಕೇಳಲು ಪಾದ್ರಿ ಇಲ್ಲದ ಕಾಲಕ್ಕೆ ಅವರಿಗಿದ್ದ ದಾರಿ ಅದು. ತುಳಿದವರನ್ನೆಲ್ಲ ಹೇಡಿಗಳೆಂದು ಜರಿಯುವುದು ಶುದ್ಧ ಅನ್ಯಾಯ. ಅವರ ಮಕ್ಕಳು ಮೊಮ್ಮಕ್ಕಳೇ ಅಲ್ಲವೇ ನಂಬಿಕೆಯನ್ನು ದಾಟಿಸಿದ್ದು! ಗುರುತು ಹೇಳಿಕೊಂಡದ್ದಕ್ಕೆ ಉರಾಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನ ಗಡಿಪಾರಾದರು. ಊರಿಗೆ ಮರಳಲು ಬಿಟ್ಟದ್ದು 1873ರಲ್ಲಿ.

ನೀವು ತಿದ್ದಿಕೊಟ್ಟ ಉಚ್ಚಾರಣೆಯ ಪಟ್ಟಿ ಈಗ ನಮ್ಮ ಕೂಟದ ಎಲ್ಲರ ಕೈಯಲ್ಲೂ ಇದೆ.