ಚಟ್ನಿಪುಡಿಗೆ ಬೆಲೆ ಕಟ್ಟುವ ಮುನ್ನ: ಮಗಳಿಗೊಂದು ಪತ್ರ

ಹನುಮಂತನಗರ, ಬೆಂಗಳೂರು

ಚಿ. ಸೌ. ವಿದ್ಯಾಳಿಗೆ ಅಪ್ಪನ ಆಶೀರ್ವಾದಗಳು.

ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ತಯಾರಿಸಿ ಆನ್‌ಲೈನ್‌ನಲ್ಲಿ ಮಾರಬೇಕೆಂದು ನೀನು ನಿರ್ಧರಿಸಿರುವುದನ್ನು ನಿಮ್ಮಮ್ಮ ತಿಳಿಸಿದಳು. ನೀನು ಕಳುಹಿಸಿದ ಬೆಲೆಪಟ್ಟಿಯನ್ನೂ ನೋಡಿದೆ. ನಿನ್ನ ಪುಡಿಯ ರುಚಿಯ ಬಗ್ಗೆ ನಾನು ಹೇಳಬೇಕಾದದ್ದೇನೂ ಇಲ್ಲ. ಬಹುಕಾಲ ದಿನಸಿ ಅಂಗಡಿ ನಡೆಸಿದವನಾಗಿ ಬೆಲೆಯ ಬಗ್ಗೆ ಮಾತ್ರ ಹೇಳುವುದಿದೆ, ಮತ್ತು ಲೆಕ್ಕದ ಮಾತು ಫೋನಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಕಾಲು ಕಿಲೋ ಚಟ್ನಿಪುಡಿಗೆ 150 ರೂಪಾಯಿ ಎಂದು ಬರೆದು, ಅದರ ಪಕ್ಕದಲ್ಲೇ ‘ಡೆಲಿವರಿ ಉಚಿತ’ ಎಂದು ಸೇರಿಸಿದ್ದೀಯೆ. ಅಂಗಡಿಯಲ್ಲಿ ಗಿರಾಕಿ ತನ್ನ ಖರ್ಚಿನಲ್ಲಿ ಸರಕಿನ ಬಳಿಗೆ ಬರುತ್ತಾನೆ. ನಿನ್ನ ವ್ಯಾಪಾರದಲ್ಲಿ ಸರಕೇ ಗಿರಾಕಿಯ ಮನೆಗೆ ಹೋಗಬೇಕು, ಆ ದಾರಿಯ ಖರ್ಚನ್ನು ಇಬ್ಬರಲ್ಲಿ ಒಬ್ಬರು ಕೊಡಲೇಬೇಕು. ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಮೆಣಸಿನಕಾಯಿ, ಬೇಳೆ, ಕೊಬ್ಬರಿ, ಎಣ್ಣೆ ಎಲ್ಲ ಸೇರಿ 65 ರೂಪಾಯಿ, ಪೌಚು ಮತ್ತು ಲೇಬಲ್ಲಿಗೆ 10, ಗ್ಯಾಸಿಗೂ ಮಿಲ್ಲಿಗೂ 10, ನಿನ್ನ ದುಡಿಮೆಗೆ 25. ಇಲ್ಲಿಗೇ 110 ಆಯಿತು. ರಟ್ಟಿನ ಪೆಟ್ಟಿಗೆ, ಟೇಪು 12, ಕೊರಿಯರ್ 60 ಎಂದಿಟ್ಟುಕೊಂಡರೆ 182. ಅಂದರೆ ಪ್ರತಿ ಆರ್ಡರಿಗೂ 32 ರೂಪಾಯಿಯನ್ನು ನೀನೇ ಕೈಯಿಂದ ಹಾಕುತ್ತೀಯೆ, ಹೆಚ್ಚು ಮಾರಿದಷ್ಟೂ ಹೆಚ್ಚು ಹಾಕುತ್ತೀಯೆ. ನಿನ್ನ ಪಟ್ಟಿಯಲ್ಲಿ ದುಡಿಮೆಯ 25 ರೂಪಾಯಿ ಎಲ್ಲೂ ಕಾಣಲಿಲ್ಲ. ಮನೆಯಲ್ಲೇ ಇರುತ್ತೇನಲ್ಲ ಎಂದು ಅದನ್ನು ಬಿಡಬೇಡ. ನಾಳೆ ಆರ್ಡರ್ ಹೆಚ್ಚಾಗಿ ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಂಡಾಗ ಅವರಿಗೆ ಕೊಡುವ ಕೂಲಿ ಎಲ್ಲಿಂದ ಬರಬೇಕು?

ಕನಿಷ್ಠ ಎರಡು ಪೊಟ್ಟಣ ಕೊಳ್ಳಬೇಕೆಂದು ಷರತ್ತು ಹಾಕಿದರೆ ಸಾಲದೇ ಎಂದು ನೀನು ಕೇಳಬಹುದು. ಕಾಲು ಕಿಲೋದ ಎರಡು ಪೊಟ್ಟಣ ಸರಿಯಾಗಿ ಅರ್ಧ ಕಿಲೋ, ಅದರ ಮೇಲೆ ಪೆಟ್ಟಿಗೆಯ ತೂಕ ಬೇರೆ. ಸಾಮಾನ್ಯವಾಗಿ ಕೊರಿಯರಿನವರು ಅರ್ಧ ಕಿಲೋಗೆ ಒಂದು ದರ ಇಟ್ಟಿರುತ್ತಾರೆ, ಹತ್ತು ಗ್ರಾಂ ಮೀರಿದರೂ ಮುಂದಿನ ದರ ಹಾಕುತ್ತಾರೆ. ಸ್ಪೀಡ್ ಪೋಸ್ಟಿನಲ್ಲೂ 500 ಗ್ರಾಂ ಒಂದು ಗಡಿ. ಆದ್ದರಿಂದ ಪೊಟ್ಟಣವನ್ನೇ 200 ಗ್ರಾಂಗೆ ಇಳಿಸು. ಆಗ ಒಂದರ ಅಸಲು 90ರ ಆಸುಪಾಸಿಗೆ ಬರುತ್ತದೆ. ಎರಡಕ್ಕೆ 180, ಪೆಟ್ಟಿಗೆ ಮತ್ತು ಕೊರಿಯರ್ ಸೇರಿ 252. ಎರಡನ್ನು 300ಕ್ಕೆ ಮಾರಿದರೆ 48 ರೂಪಾಯಿ ಉಳಿಯುತ್ತದೆ. ಒಡೆದ ಪೌಚು, ದಾರಿಯಲ್ಲಿ ಕಳೆದುಹೋದ ಪಾರ್ಸೆಲ್, ರುಚಿ ನೋಡಲೆಂದು ಕೊಟ್ಟ ಪುಡಿ, ಎಲ್ಲವನ್ನೂ ಆ 48ರಲ್ಲೇ ಸರಿದೂಗಿಸಬೇಕೆಂಬುದು ನೆನಪಿರಲಿ.

ಪೆಟ್ಟಿಗೆಯ ಅಳತೆಯೂ ತೂಕದಷ್ಟೇ ಮುಖ್ಯ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಹಾಗೆ ಬಂದ ಕಿಲೋ, ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ ಕೇಳುತ್ತವೆ. ಮನೆಯಲ್ಲಿ ಖಾಲಿ ಬಿದ್ದಿದೆಯೆಂದು 30, 20, 15 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ನಿನ್ನ 400 ಗ್ರಾಂ ಪುಡಿ ಹಾಕಿದರೆ 1.8 ಕಿಲೋಗೆ ಕೊಡಬೇಕಾಗುತ್ತದೆ. 20, 15, 5ರ ಚಪ್ಪಟೆ ಪೆಟ್ಟಿಗೆಯಾದರೆ ಆ ಲೆಕ್ಕ 300 ಗ್ರಾಂ ಮಾತ್ರ. ಪೊಟ್ಟಣದ ಆಕಾರ ನಿಶ್ಚಯವಾದ ಮೇಲೆ ಚಿಕ್ಕಪೇಟೆಯ ಕಡೆ ಹೋಗಿ ಆ ಅಳತೆಯ ಪೆಟ್ಟಿಗೆಗಳನ್ನು ಸಗಟಾಗಿ ತಂದುಕೋ.

ದೊಡ್ಡ ಆ್ಯಪ್‌ಗಳಲ್ಲಿ ಈಗಲೇ ಅಂಗಡಿ ತೆರೆಯುವುದು ನನಗೆ ಒಪ್ಪಿಗೆಯಿಲ್ಲ. ಕಮಿಷನ್ ಒಂದೇ ಇದಕ್ಕೆ ಕಾರಣವಲ್ಲ. ನಮ್ಮ ಊರಿನದೇ ಆದ ಮೀಶೊ 2021ರಲ್ಲಿ ಕಮಿಷನ್ ತೆಗೆದುಹಾಕಿತು. ನನ್ನ ಚಿಂತೆ ವಾಪಸು ಬರುವ ಪಾರ್ಸೆಲ್ಲಿನದು. ಸೀರೆ ಹಿಂದಿರುಗಿ ಬಂದರೆ ಮಡಿಸಿ ಇನ್ನೊಬ್ಬರಿಗೆ ಮಾರಬಹುದು, ಆದರೆ ಊರೆಲ್ಲ ಸುತ್ತಿ ಬಂದ ಪುಡಿಯನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲ. ಮನೆ ಬಾಗಿಲಲ್ಲಿ ಹಣ ಕೊಡುವ ಕ್ರಮದಲ್ಲಿ ಹೀಗೆ ಹಿಂದಿರುಗುವುದು ಹೆಚ್ಚು, ಆದ್ದರಿಂದ ಮೊದಲೇ ಹಣ ಬಂದವರಿಗೆ ಮಾತ್ರ ಕಳುಹಿಸು. ಹಣ ಬಂದಿದೆಯೇ ಎಂಬುದನ್ನು ಅವರು ಕಳುಹಿಸಿದ ಸ್ಕ್ರೀನ್‌ಶಾಟಿನಲ್ಲಿ ಅಲ್ಲ, ನಿನ್ನ ಖಾತೆಯಲ್ಲೇ ನೋಡಿಕೋ. ಹಣ ಪಡೆಯಲು ಪಿನ್ ಒತ್ತಬೇಕೆಂದು ಯಾರಾದರೂ ಹೇಳಿದರೆ ಅದು ಮೋಸವೆಂದೇ ತಿಳಿ. ಸದ್ಯಕ್ಕೆ ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪು ಮತ್ತು ಕನಕಪುರ ರಸ್ತೆಯ ಆಸುಪಾಸಿನವರು ಸಾಕು. ನಿನ್ನ ಕಟ್ಟಡದೊಳಗೆ ಪೆಟ್ಟಿಗೆಯೂ ಬೇಡ, ಕೊರಿಯರೂ ಬೇಡ. ‘ಡೆಲಿವರಿ ಉಚಿತ’ ಎಂಬ ಮಾತು ನಿಜವಾಗಿ ಸಲ್ಲುವುದು ಅಲ್ಲಿಯೇ.

ಪುಣೆಯ ಗೆಳತಿಯರೂ ಕೇಳುತ್ತಿದ್ದಾರೆಂದು ನೀನು ಬರೆದಿದ್ದೆ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷದ ಒಟ್ಟು ಮಾರಾಟ 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಆದರೆ ನಿನ್ನ ಪುಡಿಯಂಥ ತೆರಿಗೆಯುಳ್ಳ ಸರಕನ್ನು ಬೇರೆ ರಾಜ್ಯಕ್ಕೆ ಮಾರುವುದಾದರೆ ಮೊದಲ ರೂಪಾಯಿಯಿಂದಲೇ ಬೇಕು. 2023ರ ಅಕ್ಟೋಬರ್ 1ರಿಂದ ನೋಂದಣಿಯಿಲ್ಲದ ಸಣ್ಣ ವ್ಯಾಪಾರಿಗಳು ಆ್ಯಪ್‌ಗಳ ಮೂಲಕವೂ ಮಾರಬಹುದು. ಅದಕ್ಕೆ ಜಿಎಸ್‌ಟಿ ಜಾಲತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆಯಬೇಕು, ಮತ್ತು ಅದೂ ರಾಜ್ಯದೊಳಗೆ ಮಾತ್ರ. ಆದ್ದರಿಂದ ಪುಣೆಯವರು ಕಾಯಲಿ. ನಲವತ್ತು ಲಕ್ಷ ನಮಗೆಲ್ಲಿ ಎಂದು ನಗಬೇಡ. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನಮ್ಮ ಊರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸು ಕಳುಹಿಸಿದಾಗ, ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದ್ದನ್ನು ನೀನೂ ಕಂಡಿದ್ದೀಯೆ. ಮಾರಿದ ಹಣ, ತಮ್ಮನಿಂದ ಬಂದ ಸಾಲ, ಚೀಟಿಯ ದುಡ್ಡು ಎಲ್ಲವೂ ಒಂದೇ ಖಾತೆಗೆ ಬಂದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ವ್ಯಾಪಾರಕ್ಕೆಂದೇ ಬೇರೆ ಖಾತೆ ತೆರೆದುಬಿಡು.

ಸಣ್ಣ ಉದ್ದಿಮೆಗಳಿಗೆಂದು ಇರುವ ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಉಚಿತ. ಅದನ್ನು ಮಾಡಿಕೊಡುತ್ತೇವೆಂದು ಹಣ ಕೇಳುವವರನ್ನು ದೂರವಿಡು. ಆಹಾರ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾತ್ರ ಮೊದಲ ಪೊಟ್ಟಣಕ್ಕೂ ಮುಂಚೆ ಆಗಬೇಕು, ಅದರ 14 ಅಂಕಿಗಳ ಸಂಖ್ಯೆ ಲೇಬಲ್ಲಿನ ಮೇಲಿರಬೇಕು. ಅದರ ಜೊತೆಗೆ ನಿನ್ನ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕೆಂಬುದು, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಒಂದು ಗ್ರಾಂಗೆ 75 ಪೈಸೆ ಎಂಬ ಬಿಡಿ ದರ, ದೂರಿಗೆ ಫೋನ್ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಎಲ್ಲವೂ ಬೇಕು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆ. ಕಡಲೆಕಾಯಿ ಬೀಜ ಹಾಕಿದ್ದರೆ ಅಲರ್ಜಿಯ ಸಾಲಿನಲ್ಲಿ ಅದನ್ನು ಹೇಳಲೇಬೇಕು. ಅಂಗಡಿಯ ಇಂಗಿನಲ್ಲಿ ಅನೇಕ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ನೀನು ತರುವ ಡಬ್ಬಿಯನ್ನು ತಿರುಗಿಸಿ ಓದಿ, ಇದ್ದರೆ ಅದನ್ನೂ ಬರೆ.

ಇನ್ನು ಬಾಳಿಕೆಯ ಮಾತು. ಕೊಬ್ಬರಿ ಹಾಕಿದ ಚಟ್ನಿಪುಡಿ ಬೇಗ ಕಮಟು ಹಿಡಿಯುತ್ತದೆ, ಸಾರಿನಪುಡಿ ಅಷ್ಟು ಬೇಗ ಕೆಡುವುದಿಲ್ಲ. ಎರಡಕ್ಕೂ ಒಂದೇ ಅವಧಿ ಬರೆದಿರುವುದು ಸರಿಯಲ್ಲ. ಮಿಲ್ಲಿನಿಂದ ತಂದ ಪುಡಿ ಬಿಸಿಯಾಗಿರುವಾಗಲೇ ಪೌಚಿಗೆ ತುಂಬಿದರೆ ಒಳಗೆ ಹಬೆ ನೀರಾಗಿ ಬೂಷ್ಟು ಬರುತ್ತದೆ, ಮಳೆಗಾಲದಲ್ಲಂತೂ ಹರವಿ ಪೂರ್ತಿ ಆರಿಸಲೇಬೇಕು. ಪ್ರತಿ ಸಲ ಮಾಡಿದ ಪುಡಿಯಲ್ಲಿ ಒಂದು ಪೊಟ್ಟಣವನ್ನು ಮಾರದೆ ದಿನಾಂಕ ಬರೆದು ಕಪಾಟಿನಲ್ಲಿಡು. ಯಾರಾದರೂ ದೂರು ಹೇಳಿದಾಗ ಅದನ್ನು ಬಿಚ್ಚಿ ನೋಡಿದರೆ ದೋಷ ಪುಡಿಯದೋ ದಾರಿಯದೋ ತಿಳಿಯುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ಹೊಸ ಬೆಳೆ ಜನವರಿಯಿಂದ ಬರತೊಡಗುತ್ತದೆ. ಆಗ ಯಶವಂತಪುರದ ಯಾರ್ಡಿಗೆ ನಾನೇ ನಿನ್ನೊಂದಿಗೆ ಬರುತ್ತೇನೆ. ಅದುವರೆಗೆ ಮೂಟೆ ಕೊಳ್ಳಬೇಡ. ಲೇಬಲ್ ಅಚ್ಚಿಗೆ ಕೊಡುವ ಮೊದಲು ಅದರ ಬರಹವನ್ನೂ, 200 ಗ್ರಾಂ ಲೆಕ್ಕದಲ್ಲಿ ತಿದ್ದಿದ ಬೆಲೆಪಟ್ಟಿಯನ್ನೂ ನನಗೆ ಒಮ್ಮೆ ಕಳುಹಿಸು. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ಇತಿ,
ನಿನ್ನ ಅಪ್ಪ