ಮುಖವಿಲ್ಲದ ಕಟ್ಟಡ: ಗೆಳೆಯನಿಗೊಂದು ಪತ್ರ

ಬೆಂಗಳೂರು

ಪ್ರೀತಿಯ ಗೆಳೆಯ,

ನಿನ್ನ ಪತ್ರವೂ ಅದರೊಂದಿಗೆ ಕಳಿಸಿದ ನಕ್ಷೆಯೂ ತಲುಪಿದವು. ನಿಮ್ಮೂರ ಕಾಲೇಜಿನ ಹೊಸ ಕಟ್ಟಡಕ್ಕೆ ರಸ್ತೆಯ ಕಡೆಗೆ ನಾಲ್ಕು ಅಂತಸ್ತಿನ ಗಾಜಿನ ಗೋಡೆ ಬೇಕೇಬೇಕೆಂದು ಸಮಿತಿಯವರು ಹಟ ಹಿಡಿದಿದ್ದಾರೆಂದೂ, ಆ ಖರ್ಚನ್ನು ಸರಿದೂಗಿಸಲು ಒಳಗಿನ ಪಡಸಾಲೆಗಳನ್ನು ಆರಡಿಗೆ ಇಳಿಸಿಬಿಡೋಣ, ಹೇಗೂ ಅದು ದಂಡದ ಜಾಗ ಎನ್ನುತ್ತಿದ್ದಾರೆಂದೂ ಬರೆದಿದ್ದೀಯೆ. ನಾನು ವಾಸ್ತುಶಿಲ್ಪಿಯಲ್ಲ, ಇಪ್ಪತ್ತು ವರ್ಷ ಸೈಟಿನಲ್ಲಿ ನಿಂತು ಗಾರೆಯವರೊಂದಿಗೂ ಕಂಬಿ ಕಟ್ಟುವವರೊಂದಿಗೂ ಏಗಿದ ಸಿವಿಲ್ ಎಂಜಿನಿಯರ್ ಅಷ್ಟೇ. ಆದ್ದರಿಂದ ಅಭಿಪ್ರಾಯ ಹೇಳುವುದಕ್ಕಿಂತ, ಇದೇ ದಂಡದ ಜಾಗವನ್ನೇ ನಂಬಿ ಕಟ್ಟಿದ ಒಂದು ಕ್ಯಾಂಪಸ್ಸಿನ ಕಥೆ ಬರೆಯುವುದು ವಾಸಿ ಎನಿಸಿತು. ಬನ್ನೇರುಘಟ್ಟ ರಸ್ತೆಯ ಐಐಎಂ ಅದು.

ಸಂಸ್ಥೆ ಆರಂಭವಾದದ್ದು 1973ರಲ್ಲಿ. ಮೊದಲ ಕೆಲವು ವರ್ಷ ಅದು ಲ್ಯಾಂಗ್‌ಫರ್ಡ್ ರಸ್ತೆಯಲ್ಲಿ ನಡೆಯಿತು. ಬಿಳೇಕಹಳ್ಳಿಯ ಬಳಿ ಸುಮಾರು 100 ಎಕರೆ ಜಮೀನು ದೊರೆತಾಗ ಆ ಕಡೆಯೆಲ್ಲ ಇನ್ನೂ ಹಳ್ಳಿಯೇ. ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ದುಡಿದವರೆಂದೂ ಹೆಸರಾದವರು. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥರೊಬ್ಬರು ಎತ್ತಿನ ಹೆಗಲಿನ ಮೇಲೆ ಬೀಳುವ ನೊಗದ ಭಾರದ ಬಗ್ಗೆ ತಲೆ ಕೆಡಿಸಿಕೊಂಡಿದ್ದರೆಂಬುದು ನನಗೆ ಯಾಕೋ ಬಹಳ ಇಷ್ಟವಾದ ಸಂಗತಿ.

ವಿನ್ಯಾಸದ ಹೊಣೆ ಬಾಲಕೃಷ್ಣ ದೋಶಿಯವರಿಗೆ ಬಂತು. 1927ರಲ್ಲಿ ಪುಣೆಯಲ್ಲಿ ಹುಟ್ಟಿದ ದೋಶಿಯವರು ಪ್ಯಾರಿಸ್ಸಿನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಅವರ ಕೈಕೆಳಗೆ ಪಳಗಿದವರು. 1960ರ ದಶಕದ ಆರಂಭದಲ್ಲಿ ಅಹಮದಾಬಾದಿನ ಐಐಎಂ ಕಟ್ಟಲು ಅಮೆರಿಕದ ಲೂಯಿ ಕಾನ್ ಅವರನ್ನು ಕರೆತರುವುದರಲ್ಲಿ ಮುಂದಾಗಿದ್ದವರೂ ಇವರೇ. ಆ ಕ್ಯಾಂಪಸ್ಸು ಕೆಂಪು ಇಟ್ಟಿಗೆಯ ಭಾರೀ ಗೋಡೆಗಳದು, ದೊಡ್ಡ ದೊಡ್ಡ ವೃತ್ತಾಕಾರದ ಕಿಂಡಿಗಳದು, ದೂರದಿಂದಲೇ ಎದೆಯುಬ್ಬಿಸಿ ನಿಲ್ಲುವಂಥದು. ಬೆಂಗಳೂರಿಗೆ ಬಂದ ದೋಶಿ ಅದನ್ನೇ ಇಲ್ಲಿ ಮತ್ತೊಮ್ಮೆ ಕಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಊರಿನ ಹವೆ, ತೋಟಗಳು, ಸಾಲುಮರಗಳು ಅವರ ಗಮನ ಸೆಳೆದವು. ಒಂದು ಅಂಗಳದಿಂದ ಇನ್ನೊಂದಕ್ಕೆ ತೆರೆದುಕೊಳ್ಳುತ್ತ ಹೋಗುವ ಅಕ್ಬರನ ಫತೇಪುರ್ ಸಿಕ್ರಿಯನ್ನೂ ಮದುರೆಯ ದೇವಾಲಯದ ಪ್ರಾಕಾರಗಳನ್ನೂ ಮಾದರಿಯಾಗಿಟ್ಟುಕೊಂಡು 1970ರ ದಶಕದ ಕೊನೆಯಲ್ಲಿ ಅವರು ನಕ್ಷೆ ಬರೆದರು; 80ರ ದಶಕದಲ್ಲಿ ಕ್ಯಾಂಪಸ್ಸು ಎದ್ದು ನಿಂತಿತು.

ಅದರ ಜೀವವೆಲ್ಲ ಇರುವುದು ಪಡಸಾಲೆಗಳಲ್ಲಿ. ಪಡಸಾಲೆ ಎಂದರೆ ಸಾಲದು, ನಿಮ್ಮ ಧಾರವಾಡದ ಕಡೆಯ ಓಣಿ ಎಂಬ ಮಾತೇ ಸರಿ. ಓಣಿಯಲ್ಲಿ ಜನ ನಡೆಯುವುದಷ್ಟೇ ಅಲ್ಲ, ಕಟ್ಟೆಯ ಮೇಲೆ ಕೂರುತ್ತಾರೆ, ದಾರಿಹೋಕರನ್ನು ತಡೆದು ಮಾತನಾಡಿಸುತ್ತಾರೆ, ಬಿಸಿಲು ಬಂದರೆ ಎದುರು ಮಗ್ಗುಲಿಗೆ ಸರಿಯುತ್ತಾರೆ. ಇಲ್ಲಿನ ಓಣಿಗಳೂ ಅಂಥವೇ. ಎಲ್ಲೋ ಒಂದು ಕಡೆ ಮೇಲೆ ತಾರಸಿಯಿದೆ, ಮುಂದೆ ಹೋದರೆ ಬರೀ ಕಾಂಕ್ರೀಟ್ ತೊಲೆಗಳ ಚಪ್ಪರ, ಇನ್ನೊಂದು ಕಡೆ ಬೆಳಕಿಂಡಿ, ಮತ್ತೊಂದು ಕಡೆ ಪೂರ್ತಿ ಆಕಾಶ. ಅಗಲ ಒಂದೇ ಸಮನಿಲ್ಲ, ಎತ್ತರವೂ ಇಲ್ಲ. ಕೆಲವೆಡೆ ಮೂರು ಅಂತಸ್ತಿನಷ್ಟು ಎತ್ತರಕ್ಕೆ ಬಯಲು. ಪಾಠದ ಕೋಣೆಗಳು ಈ ಓಣಿಗಳಿಗೆ ಮನೆಗಳಂತೆ ಅಂಟಿಕೊಂಡಿವೆ. ಪಾಠ ಮುಗಿದ ಮೇಲಿನ ಮಾತುಕತೆಯೂ ಕಲಿಕೆಯೇ ಎಂಬುದು ದೋಶಿಯವರ ನಂಬಿಕೆಯಾಗಿತ್ತು. ಅದಕ್ಕೆ ತಕ್ಕ ಜಾಗವನ್ನು ಅವರು ನಕ್ಷೆಯಲ್ಲೇ ಮೀಸಲಿಟ್ಟರು.

ಕೆಲವು ವರ್ಷಗಳ ಹಿಂದೆ ಮೂರು ದಿನದ ತರಬೇತಿಗೆಂದು ಅಲ್ಲಿಗೆ ಹೋಗಿದ್ದೆ. ಎರಡನೆಯ ದಿನ ಚಹಾ ವಿರಾಮದಲ್ಲಿ ಗೋಡೆಗೊರಗಿ ನಿಂತವನಿಗೆ ಅಂಗಿಯ ಮೂಲಕ ಕಲ್ಲಿನ ತಂಪು ತಗುಲಿತು. ತಿರುಗಿ ನೋಡಿದೆ: ಗಿಲಾವಿಲ್ಲ, ಬಣ್ಣವಿಲ್ಲ, ಒರಟಾಗಿ ಒಡೆದ ಬೂದು ಸೈಜುಗಲ್ಲು. ಬೆರಳಾಡಿಸಿದರೆ ಉಳಿ ತಗುಲಿದ ಗುಳಿಗಳು ಒಂದೊಂದಾಗಿ ಸಿಗುತ್ತಿದ್ದವು. ಒಂದು ಕಲ್ಲಿನವು ಎಡಕ್ಕೆ ಓರೆ, ಪಕ್ಕದ ಕಲ್ಲಿನವು ನೆಟ್ಟಗೆ. ಎರಡು ಕೈಗಳ ಕೆಲಸವಿರಬೇಕು. ಮೇಲಿನ ತೊಲೆಗಳ ನೆರಳು ನೆಲದ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಲೋಟ ಬರಿದಾಗುವಷ್ಟರಲ್ಲಿ ಒಂದು ಪಟ್ಟೆ ನನ್ನ ಬೂಟಿನ ತುದಿಯಿಂದ ಲೇಸಿನವರೆಗೆ ಏರಿ ಬಂದಿತ್ತು.

ಕಲ್ಲಿನ ಬಗ್ಗೆ ಇನ್ನೆರಡು ಮಾತು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಲಾಲ್‌ಬಾಗಿನ ಬಂಡೆಯ ಮೇಲೆ ನಾವಿಬ್ಬರೂ ಕೂತು ಕಡಲೆಕಾಯಿ ತಿಂದದ್ದು ನೆನಪಿದೆಯಲ್ಲ. ಬೆಂಗಳೂರಿನ ಅಡಿಯಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯ ಅದೇ ಜಾತಿಯ ಶಿಲೆ. ಇಲ್ಲಿನ ಕಲ್ಲು ಗಟ್ಟಿ, ನುಣುಪು ಮಾಡಹೊರಟರೆ ಕೂಲಿ ಏರುತ್ತದೆ. ಒರಟಾಗಿಯೇ ಬಿಟ್ಟರೆ ಅಗ್ಗ, ಮತ್ತೆ ಬಣ್ಣದ ಗೊಡವೆಯೂ ಇಲ್ಲ. ದೋಶಿಯವರ ಗೋಡೆಗಳಲ್ಲಿ ನಾವು ಸೌಂದರ್ಯವೆಂದು ಹೊಗಳುವುದರಲ್ಲಿ ಅರ್ಧದಷ್ಟು ಈ ಲೆಕ್ಕಾಚಾರವೇ ಇದ್ದೀತು ಎಂದು ನನ್ನ ಗುಮಾನಿ. ಉಳಿದರ್ಧವನ್ನು ಗಿಡಗಳು ಮಾಡಿವೆ. ಚಪ್ಪರದ ತೊಲೆಗಳಿಗೆ ಬಳ್ಳಿ ಹಬ್ಬಬೇಕು, ಅಂಗಳದಲ್ಲಿ ಮರ ಬೆಳೆದು ನೆರಳು ಕೊಡಬೇಕು ಎಂದು ಮೊದಲೇ ಎಣಿಸಿದ ವಿನ್ಯಾಸವಿದು. ಹೀಗಾಗಿ ಗುತ್ತಿಗೆದಾರ ಬೀಗದ ಕೈ ಒಪ್ಪಿಸಿದ ದಿನ ಇದರ ಕೆಲಸ ಪೂರ್ಣವಾಗಿರಲು ಸಾಧ್ಯವಿರಲಿಲ್ಲ.

ಈ ಕ್ಯಾಂಪಸ್ಸಿಗೆ ಮುಖವಿಲ್ಲ. ಇದನ್ನು ನಿಮ್ಮ ಸಮಿತಿಗೆ ಹೇಳಲು ನಮ್ಮ ಟಾಟಾ ಇನ್‌ಸ್ಟಿಟ್ಯೂಟನ್ನು, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಪಕ್ಕದಲ್ಲಿಟ್ಟು ತೋರಿಸು. ಅಲ್ಲಿನ ಮುಖ್ಯ ಕಟ್ಟಡಕ್ಕೆ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು; ವಿನ್ಯಾಸ ಮಾಡಿದ ಸಿ. ಎಫ್. ಸ್ಟೀವನ್ಸ್, ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ಕಟ್ಟಿಸಿದವರ ಮಗ. ಅದೂ ಕಲ್ಲಿನದೇ. ಆದರೆ ನಡುವೆ ಗೋಪುರ, ಎದುರಿಗೆ ಟಾಟಾ ಅವರ ಪ್ರತಿಮೆ. ನಿಂತು ನೋಡಲೆಂದೇ ಕಟ್ಟಿದ್ದು, ಫೋಟೊಗೂ ಒದಗುತ್ತದೆ. ಐಐಎಂನಲ್ಲಿ ಎಲ್ಲಿ ನಿಂತರೆ ಇಡೀ ಕಟ್ಟಡ ಕಾಣುತ್ತದೆಂದು ಮೂರು ದಿನ ಹುಡುಕಿದರೂ ನನಗೆ ಆ ಜಾಗ ಸಿಗಲಿಲ್ಲ.

ಕುಂದುಗಳೇ ಇಲ್ಲವೆಂದಲ್ಲ. ಜಡಿಮಳೆಯಲ್ಲಿ ತೆರೆದ ಓಣಿಗಳಿಗೆ ಎರಚಲು ಹೊಡೆಯುತ್ತದೆ, ಕಾಂಕ್ರೀಟಿನ ಮೇಲೆ ಕಪ್ಪು ಗೆರೆ ಇಳಿಯುತ್ತದೆ, ಹೊಸಬರು ದಾರಿ ತಪ್ಪುತ್ತಾರೆ. ನಾನೇ ಮೊದಲ ದಿನ ಊಟದ ಮನೆಗೆಂದು ಹೊರಟು ಗ್ರಂಥಾಲಯ ಸೇರಿದ್ದೆ. ಆದರೂ ಗಾಜಿನ ಮುಖದ ಕಟ್ಟಡವೊಂದರಲ್ಲಿ ಆರು ವರ್ಷ ಕೆಲಸ ಮಾಡಿದ ನನಗೆ, ಕರೆಂಟು ಹೋಗಿ ಏಸಿ ನಿಂತ ಹತ್ತೇ ನಿಮಿಷಕ್ಕೆ ಒಳಗೆ ಏನಾಗುತ್ತದೆಂಬುದು ಗೊತ್ತು. ಕಿಟಕಿ ತೆರೆಯಲು ಅಲ್ಲಿ ಕಿಟಕಿಯೇ ಇರಲಿಲ್ಲ.

2018ರಲ್ಲಿ ದೋಶಿಯವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ, ಅದನ್ನು ಪಡೆದ ಮೊದಲ ಭಾರತೀಯ ಅವರೇ ಎಂದು ಪತ್ರಿಕೆಗಳಲ್ಲಿ ಓದಿದ್ದೆವು. 2023ರ ಜನವರಿಯಲ್ಲಿ ಅವರು ತೀರಿಕೊಂಡರು. ಇದನ್ನೂ ಸಮಿತಿಯವರಿಗೆ ಹೇಳು. ಪ್ರಶಸ್ತಿಯ ಹೆಸರು ಹೇಳಿದರೆ ಕೆಲವರು ಬೇಗ ಒಪ್ಪುತ್ತಾರೆ.

ಹೊರಗಿನವರು ಸುಮ್ಮನೆ ಒಳಗೆ ಹೋಗುವ ಹಾಗಿಲ್ಲ. ಪರಿಚಯದ ಅಧ್ಯಾಪಕರೊಬ್ಬರ ಮೂಲಕ ಅನುಮತಿ ಕೇಳಿದ್ದೇನೆ. ಮುಂದಿನ ತಿಂಗಳ ಒಂದು ಶನಿವಾರ ರಾತ್ರಿಯ ರೈಲಿಗೆ ಹೊರಟು ಬಾ, ನಿಮ್ಮ ಅಧ್ಯಕ್ಷರನ್ನೂ ಕರೆದುಕೊಂಡು ಬಾ. ಭಾನುವಾರ ಮಧ್ಯಾಹ್ನ ಸರಿಯಾಗಿ ಬಿಸಿಲೇರಿದ ಹೊತ್ತಿಗೇ ಹೋಗೋಣ. ನನ್ನ ಹಳೆಯ ಟೇಪು ಇನ್ನೂ ಚೀಲದಲ್ಲಿದೆ. ಅದರ ಒಂದು ತುದಿಯನ್ನು ಅವರ ಕೈಗೇ ಕೊಟ್ಟು ಓಣಿಯ ಅಗಲ ಅಳೆಯೋಣ.

ಇಂತು ನಿನ್ನ ಗೆಳೆಯ